ಕೀಟನ್‌ನ ಕೈ ಕಟ್ಟಿದ್ದು ಟಾಕಿಯೋ, ಆ ಒಂದು ಸಹಿಯೋ?

ರೀಲುಡಬ್ಬಿ
ಎಲ್ರಿಗೂ ನಮಸ್ಕಾರ. ಮೂರು ವಾರದಿಂದ ರಾತ್ರಿ ಊಟ ಆದ್ಮೇಲೆ ನಾನೂ ಮಗಳೂ (ಎಂಟು ವರ್ಷ) ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ಮೂಕಿ ಚಿತ್ರಗಳನ್ನ ಒಂದೊಂದಾಗಿ ನೋಡ್ತಾ ಇದೀವಿ. ಶುರು ಮಾಡಿದ್ದು 1920ರ ‘ಒನ್ ವೀಕ್’ನಿಂದ. ಹೊಸ ಜೋಡಿಗೆ ಮದುವೆ ಉಡುಗೊರೆ ಅಂತ ಬಿಡಿಭಾಗ ಜೋಡಿಸಿ ಕಟ್ಟೋ ಮನೆ ಬರುತ್ತೆ, ಹೊಟ್ಟೆಕಿಚ್ಚಿನವನೊಬ್ಬ ಪೆಟ್ಟಿಗೆಗಳ ನಂಬರು ಅದಲು ಬದಲು ಮಾಡಿಬಿಡ್ತಾನೆ. ಎದ್ದು ನಿಂತ ಮನೆ ನೋಡಿ ನನ್ನ ಮಗಳು ಚಾಪೆ ಮೇಲೆ ಉರುಳಾಡಿ ನಕ್ಕಳು. ಮಾತೊಂದೂ ಇಲ್ಲ, ಅನುವಾದ ಮಾಡಿ ಹೇಳಬೇಕಾದ್ದೂ ಏನಿಲ್ಲ.

ನಿನ್ನೆ ಕೇಳಿದಳು: “ಅಪ್ಪ, 28 ಆದ್ಮೇಲೆ ಇವನ ಸಿನಿಮಾ ಯಾಕಿಲ್ಲ?” ಹುಡುಕಿದ್ರೆ ಎಲ್ಲ ಕಡೆ ಒಂದೇ ಉತ್ತರ: ಟಾಕಿ (ಮಾತಿನ ಚಿತ್ರ) ಬಂತು, ಕೀಟನ್ ಹೋದ. ನನಗೆ ಇದು ಒಪ್ಪಿಗೆ ಆಗ್ತಿಲ್ಲ. ಚಿಕ್ಕಂದಿನಿಂದ ರಂಗದ ಮೇಲೆ ಬೆಳೆದವನಿಗೆ ಮಾತಾಡೋಕೆ ಬರಲ್ವಾ? ತಿಳಿದವರು ಹೇಳಿ.

ಹಳೇಟೆಂಟು
ಟಾಕಿ ಕಾರಣ ಅಲ್ಲವೇ ಅಲ್ಲ. ಕುಡಿತ.

ಮೂರನೇ_ಬೆಲ್ಲು
ಹಳೇಟೆಂಟು ಸರ್, ಕುಡಿತ ಆಮೇಲಿಂದು. ಮೊದಲು ಏನಾಯ್ತು ಅನ್ನೋದನ್ನ ನೋಡೋಣ.

1928ರಲ್ಲಿ ಕೀಟನ್ ತನ್ನ ಸ್ವಂತ ಸ್ಟುಡಿಯೋ ಬಿಟ್ಟು ಎಂಜಿಎಂ ಅನ್ನೋ ದೊಡ್ಡ ಸ್ಟುಡಿಯೋ ಜೊತೆ ಕರಾರು ಮಾಡಿಕೊಂಡ. ತನ್ನ ಬದುಕಿನ ಅತಿ ದೊಡ್ಡ ತಪ್ಪು ಇದೇ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ಅವನ ಓರಗೆಯ ಹಾಸ್ಯನಟರು ಚಾಪ್ಲಿನ್, ಹೆರಾಲ್ಡ್ ಲಾಯ್ಡ್ ಇಬ್ಬರೂ ಬೇಡ ಅಂದಿದ್ರು. ಅಲ್ಲಿವರೆಗೆ ಅವನ ಕೆಲಸದ ರೀತಿ ಹೇಗಿತ್ತು ಅಂದ್ರೆ, ಕಥೆಗೆ ಒಳ್ಳೆ ಶುರು, ಒಳ್ಳೆ ಕೊನೆ ಸಿಕ್ಕರೆ ಸಾಕು, ನಡುವಿನದ್ದು ಚಿತ್ರೀಕರಣದಲ್ಲೇ ಹುಟ್ಟೋದು. ತಮಾಷೆ ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಕ್ಯಾಮೆರಾ ನಿಲ್ಲಿಸಿ ತಂಡದವರೆಲ್ಲ ಬೇಸ್‌ಬಾಲ್ ಆಡೋರು. ಆಟದ ಮಧ್ಯೆ ಯಾರಿಗೋ ಒಂದು ಉಪಾಯ ಹೊಳೀತಿತ್ತು, ಬ್ಯಾಟು ಅಲ್ಲೇ ಬಿಟ್ಟು ಮತ್ತೆ ಕೆಲಸಕ್ಕೆ ಓಟ. ಎಂಜಿಎಂನಲ್ಲಿ ಪ್ರತಿ ದೃಶ್ಯವೂ ಮೊದಲೇ ಕಾಗದದ ಮೇಲೆ ಬರಬೇಕು, ಹತ್ತು ಜನ ಓದಬೇಕು, ಸಹಿ ಬೀಳಬೇಕು. ಅಲ್ಲಿಗೆ ಹೋದ ಮೇಲೆ ಮಾಡಿದ ಮೊದಲ ಚಿತ್ರ ‘ದಿ ಕ್ಯಾಮೆರಾಮನ್’ ಅದ್ಭುತವಾಗಿದೆ, ಅದೂ ಮೂಕಿಯೇ. ಆಮೇಲೆ ಇಳಿಜಾರು.

ಗಿರಮಿಟ್ಟು
ಖರೆ ಮಾತು ಅಂದ್ರಿ. ಇನ್ನೊಂದು ಹೇಳ್ತೀನಿ ಕೇಳ್ರಿ. ಅವನ ದನಿಗೆ ಏನೂ ಆಗಿರಲಿಲ್ಲ. ದಪ್ಪ ದನಿ, ಸ್ಪಷ್ಟ ಮಾತು. ಆಗ ಡಬ್ಬಿಂಗ್ ಇರಲಿಲ್ಲ ನೋಡ್ರಿ, ಹಂಗಾಗಿ ಒಂದೇ ಚಿತ್ರಾನ ಬ್ಯಾರೆ ಬ್ಯಾರೆ ಭಾಷಾದಾಗ ಮತ್ತ ಮತ್ತ ತೆಗೀತಿದ್ರು. ಕೀಟನ್ ಸ್ಪ್ಯಾನಿಷ್, ಫ್ರೆಂಚ್, ಜರ್ಮನ್ ಮಾತುಗಳನ್ನ ಬಾಯಿಪಾಠ ಮಾಡಿ ತಾನೇ ಹೇಳ್ಯಾನ. ಟಾಕಿ ಬಂದು ಮುಳುಗಿದಾವ ಇದನ್ನೆಲ್ಲ ಮಾಡ್ತಾನೇನ್ರಿ?

ರೀಲುಡಬ್ಬಿ
ಇದು ನನಗೆ ಗೊತ್ತೇ ಇರ್ಲಿಲ್ಲ. ಹಾಗಾದ್ರೆ ಆ ಟಾಕಿಗಳು ಓಡಲಿಲ್ವಾ?

ಮೂರನೇ_ಬೆಲ್ಲು
ಓಡಿದವು! ಸಂಕಟದ ಸಂಗತಿಯೇ ಅದು. ಇವತ್ತು ನಾವು ತಲೆ ಮೇಲೆ ಹೊತ್ತುಕೊಳ್ಳೋ ‘ದಿ ಜನರಲ್’ 1926ರಲ್ಲಿ ದುಡ್ಡು ಕಳೀತು. ಎಂಜಿಎಂನ ಸಪ್ಪೆ ಟಾಕಿಗಳು ದುಡ್ಡು ತಂದವು. ಹಾಗಿದ್ದಾಗ ಸ್ಟುಡಿಯೋದವರು ಕೀಟನ್ ಮಾತು ಯಾಕೆ ಕೇಳ್ತಾರೆ? ಜಿಮ್ಮಿ ಡ್ಯುರಾಂಟೆ ಅನ್ನೋ ವಾಚಾಳಿ ನಟನನ್ನ ಪಕ್ಕಕ್ಕೆ ಹಾಕಿ ಸಾಲಾಗಿ ಚಿತ್ರ ತೆಗೆದ್ರು. ಒಬ್ಬ ಸುಮ್ಮನಿದ್ದು ನಗಿಸೋನು, ಇನ್ನೊಬ್ಬ ಬಾಯಿ ಮುಚ್ಚದೆ ನಗಿಸೋನು. ಇಬ್ಬರೂ ಅವರವರ ಜಾಗದಲ್ಲಿ ದೊಡ್ಡವರೇ, ಆದ್ರೆ ಜೋಡಿ ಕೂಡಲ್ಲ.

ಕಡಲಬದಿ
ಒಂದು ಸಂಶಯ ಮಾರಾಯ್ರೆ. ಅಷ್ಟು ದೊಡ್ಡ ನಟ, ಸ್ವಂತ ಸ್ಟುಡಿಯೋ ಉಂಟು ಅಂತೀರಿ. ಮತ್ತೆ ಯಾಕೆ ಬಿಟ್ಟು ಹೋದದ್ದು?

ಸಹಸ್ರಬುಡ್ಡಿ
ಎಲ್ಲರೂ ದಾಟಿಕೊಂಡು ಹೋಗೋ ಜಾಗಕ್ಕೆ ಬಂದ್ರಿ, ಕಡಲಬದಿ ಅವರೇ.

ಸ್ಟುಡಿಯೋ ಮೇಲೆ ಹೆಸರು ಕೀಟನ್‌ದು, ಮಾಲೀಕ ಅವನಲ್ಲ. ದುಡ್ಡು ಹಾಕಿದವನು ಜೋಸೆಫ್ ಶೆಂಕ್. ಕೀಟನ್‌ಗೆ ವಾರದ ಸಂಬಳ, ಲಾಭದಲ್ಲಿ ಕಾಲು ಪಾಲು. ಕಂಪನಿಯಲ್ಲಿ ಷೇರು ಇಲ್ಲ, ಚಿತ್ರಗಳ ಹಕ್ಕೂ ಇಲ್ಲ. ಈ ಶೆಂಕ್ ಯಾರು? ಕೀಟನ್ 1921ರಲ್ಲಿ ಮದುವೆಯಾದ ನಟಾಲಿ ಟಾಲ್ಮಡ್ಜ್‌ಳ ಅಕ್ಕ ನಾರ್ಮಾ ಟಾಲ್ಮಡ್ಜ್ ದೊಡ್ಡ ತಾರೆ, ಅವಳ ಗಂಡ. ಅಂದ್ರೆ ನಮ್ಮ ಲೆಕ್ಕದಲ್ಲಿ ಷಡ್ಡಕ. ಷಡ್ಡಕನ ಹತ್ರ ಯಾರು ಕಾಗದ ಪತ್ರ ಕೇಳ್ತಾರೆ? ಈ ಷಡ್ಡಕನ ತಮ್ಮ ನಿಕೋಲಸ್ ಶೆಂಕ್, ಎಂಜಿಎಂ ಯಾರ ಕೈಯಲ್ಲಿತ್ತೋ ಆ ಲೋಯ್ಸ್ ಕಂಪನಿಯ ಮುಖ್ಯಸ್ಥ. ಅಣ್ಣ ತನ್ನ ಅಂಗಡಿ ಮುಚ್ಚಿ ಕೀಟನ್‌ನ ತಮ್ಮನ ಕಡೆಗೆ ದಾಟಿಸಿದ. ಮನೆಯವರೇ ಹೇಳಿದ್ರು ಅಂತ ಇವನು ಸಹಿ ಹಾಕಿದ.

ಈಗ ಪಕ್ಕದವರನ್ನ ನೋಡಿ. ಚಾಪ್ಲಿನ್ 1919ರಲ್ಲೇ ಯುನೈಟೆಡ್ ಆರ್ಟಿಸ್ಟ್ಸ್ ಅನ್ನೋ ಚಿತ್ರ ಕಂಪನಿ ಕಟ್ಟಿದವರಲ್ಲಿ ಒಬ್ಬ, ಸ್ವಂತ ಸ್ಟುಡಿಯೋ, ಸ್ವಂತ ನೆಗೆಟಿವ್. ಅದಕ್ಕೇ 1936ರ ತನಕವೂ ಮಾತಿಲ್ಲದ ಚಿತ್ರ ಮಾಡೋ ಧೈರ್ಯ ಅವನಿಗಿತ್ತು, ‘ಬೇಡ’ ಅನ್ನೋಕೆ ಮೇಲೆ ಯಾರೂ ಇರಲಿಲ್ಲ. ಲಾಯ್ಡ್ ಕೂಡ ತನ್ನ ಚಿತ್ರಗಳ ಹಕ್ಕು ಕೈಯಲ್ಲೇ ಇಟ್ಟುಕೊಂಡ. ಮೂವರಲ್ಲಿ ಕಾಗದ ಓದದೆ ಸಹಿ ಹಾಕಿದವನು ಇವನೊಬ್ಬನೇ. ಪ್ರತಿಭೆಯಲ್ಲಿ ಕಮ್ಮಿ ಇದ್ದನೇ? ಖಂಡಿತ ಇಲ್ಲ. ಇಪ್ಪತ್ತು ವರ್ಷ ಲೆಕ್ಕಪತ್ರ ನೋಡಿದವನು ನಾನು, ಇದನ್ನ ಓದಿದಾಗ ನಿಜವಾಗಲೂ ಹೊಟ್ಟೆ ಉರೀತು.

ಕಡಲಬದಿ
ಹೌದಾ! ಪಾಪ.

ಹಳೇಟೆಂಟು
ಒಪ್ಪಿದೆ. ಆದ್ರೂ ಕುಡಿತವನ್ನ ಹಾಗೆ ಬದಿಗೆ ಸರಿಸಬೇಡಿ. ಅವರ ಅಪ್ಪನೂ ಕುಡಿಯುತ್ತಿದ್ದ. 1917ರಲ್ಲಿ ಕುಟುಂಬದ ರಂಗ ಪ್ರದರ್ಶನ ಮುರಿದದ್ದೇ ಅದರಿಂದ. ಕಂಡು ಕಂಡೂ ಮಗ ಅದೇ ಹಳ್ಳಕ್ಕೆ ಬಿದ್ದ. 1932ರಲ್ಲಿ ಹೆಂಡತಿ ವಿಚ್ಛೇದನ ತಗೊಂಡಳು, ಗಂಡು ಮಕ್ಕಳಿಬ್ಬರ ಅಡ್ಡಹೆಸರೂ ಟಾಲ್ಮಡ್ಜ್ ಆಯ್ತು, 1933ರಲ್ಲಿ ಸ್ಟುಡಿಯೋದಿಂದ ತೆಗೆದುಹಾಕಿದ್ರು. ಚಿತ್ರೀಕರಣಕ್ಕೆ ಹೊತ್ತಿಗೆ ಸರಿಯಾಗಿ ಬರದ ನಟನನ್ನ ಯಾರು ಇಟ್ಟುಕೊಳ್ತಾರೆ?

ಮೂರನೇ_ಬೆಲ್ಲು
ಇದನ್ನ ಒಪ್ತೀನಿ. ಆದ್ರೆ ಅನುಕ್ರಮ ಮುಖ್ಯ. ಕೈ ಕಟ್ಟಿದ್ದು 1928, ಕುಡಿತ ಮಿತಿ ಮೀರಿದ್ದು ಆಮೇಲೆ.

ಊರುಗೋಲು
ನಾನು ಟಾಪಿಕ್ ಸ್ವಲ್ಪ ಹಿಂದಕ್ಕೆ ಎಳೀತೀನಿ, ಕ್ಷಮಿಸಿ. ಬಾಲ್ಯದ ಬಗ್ಗೆ ಯಾರೂ ಮಾತಾಡಲಿಲ್ಲ.

1895ರ ಅಕ್ಟೋಬರ್ 4, ಅಮೆರಿಕದ ಕಾನ್ಸಾಸ್ ರಾಜ್ಯದ ಪಿಕ್ವಾ ಅನ್ನೋ ಪುಟ್ಟ ಊರು. ಅಪ್ಪ ಜೋ, ಅಮ್ಮ ಮೈರಾ ಊರೂರು ತಿರುಗೋ ಪ್ರದರ್ಶನದವರು. ಮಗು ಇನ್ನೂ ಬಾಲವಾಡಿಗೆ ಹೋಗೋ ವಯಸ್ಸಲ್ಲೇ ರಂಗ ಹತ್ತಿತು. ಆಟ ಏನು ಗೊತ್ತಾ? ಅಪ್ಪ ಮಗನನ್ನ ಎತ್ತಿ ಎಸೆಯೋದು. ಪರದೆಗೆ, ರಂಗದ ಪಕ್ಕದ ತೆರೆಗೆ, ಕೆಳಗಿನ ವಾದ್ಯದವರ ಕಡೆಗೆ. ಹಿಡಿಯೋಕೆ ಸಲೀಸಾಗ್ಲಿ ಅಂತ ಮಗುವಿನ ಕೋಟಿನ ಬೆನ್ನಿಗೆ ಸೂಟ್‌ಕೇಸಿನ ಹಿಡಿ ಹೊಲಿದಿದ್ರು. ‘ಏಟು ತಾಗದ ಹುಡುಗ’ ಅನ್ನೋ ಅರ್ಥದಲ್ಲಿ ಪ್ರಚಾರ. ನ್ಯೂಯಾರ್ಕಿನ ಮಕ್ಕಳ ರಕ್ಷಣಾ ಸಂಘದವರು ಬೆನ್ನು ಬಿದ್ದಿದ್ರು. ಬಟ್ಟೆ ಬಿಚ್ಚಿಸಿ ಗಾಯ ಹುಡುಕಿದ್ದನ್ನ ಕೀಟನ್ನೇ ಹೇಳಿಕೊಂಡಿದ್ದಾನೆ. ಬೀಳೋದು ಹೇಗೆ ಅಂತ ಕಲಿತಿದ್ದೆ, ನೋವಾಗ್ತಿರಲಿಲ್ಲ ಅಂತಾನೆ.

ಆ ನಗದ ಮುಖ ಅಲ್ಲೇ ಹುಟ್ಟಿದ್ದು. ಬಿದ್ದಾಗ ತಾನು ನಕ್ಕರೆ ಜನ ನಗಲ್ಲ, ಮುಖ ಗಂಟು ಬಿಗಿದಿದ್ರೆ ಬಿದ್ದು ಬಿದ್ದು ನಗ್ತಾರೆ ಅನ್ನೋದು ಆ ಮಗುವಿಗೆ ಗೊತ್ತಾಯ್ತು. ನನಗೂ ಎಂಟು ವರ್ಷದ ಮೊಮ್ಮಗ ಇದಾನೆ. ಅವನನ್ನ ನೋಡ್ತಾ ಇದನ್ನ ಯೋಚಿಸಿದ್ರೆ ಕರುಳು ಹಿಂಡುತ್ತೆ.

ಬೆಳ್ಳಿಪರದೆ
ಅವನಿಗೆ ‘ಬಸ್ಟರ್’ ಅಂತ ಹೆಸರಿಟ್ಟವನು ಜಾದೂಗಾರ ಹೂಡಿನಿ. ಮಗು ಮೆಟ್ಟಿಲಿಂದ ಉರುಳಿ ಬಿದ್ದು ಸುಮ್ಮನೆ ಎದ್ದು ಕೂತಾಗ!

ಸಹಸ್ರಬುಡ್ಡಿ
ಆ ಕಥೆಯನ್ನ ಕೀಟನ್ ಮನೆಯವರೇ ಹೇಳ್ತಾ ಬಂದ್ರು, ಆದ್ರೆ ಆರಂಭದ ಹೇಳಿಕೆಗಳಲ್ಲಿ ಬೇರೆ ನಟನ ಹೆಸರಿದೆ. ಹೂಡಿನಿ ಇವರ ಜೊತೆ ತಂಡದಲ್ಲಿ ತಿರುಗಿದ್ದು ನಿಜ, ಹೆಸರಿಟ್ಟದ್ದನ್ನ ಖಚಿತ ಅಂತ ಹೇಳಬೇಡಿ.

ತಿಪಟೂರು_ಕೊಬ್ಬರಿ
ಊರುಗೋಲು ಅವರ ಪೋಸ್ಟ್ ಓದಿ ನಮ್ಮ ಕಂಪನಿ ನಾಟಕಗಳು ನೆನಪಾದವು. ನಮ್ಮ ನರಸಿಂಹರಾಜು ಅವರೂ ಬಾಲನಟರಾಗಿ ನಾಟಕ ಕಂಪನಿ ಸೇರಿದವರು, ರಾಜಣ್ಣನೂ ಗುಬ್ಬಿ ಕಂಪನಿಯಲ್ಲಿ ಬೆಳೆದವರು. ಮೈ ಹೇಗೆ ನಿಲ್ಲಬೇಕು, ಚಪ್ಪಾಳೆಗೆ ಎಷ್ಟು ಹೊತ್ತು ಕಾಯಬೇಕು, ಎಲ್ಲ ಅಲ್ಲಿಯ ಪಾಠ. ನರಸಿಂಹರಾಜು ಪರದೆ ಮೇಲೆ ಬರೀ ನಡೆದು ಬಂದ್ರೇ ಟಾಕೀಸು ಎದ್ದು ಕೂರ್ತಿತ್ತು ಅಂತ ನಮ್ಮ ತಂದೆ ಈಗಲೂ ಹೇಳ್ತಾರೆ.

ಗಿರಮಿಟ್ಟು
ಬಾಲಕೃಷ್ಣ ಅವರನ್ನ ಬಿಟ್ರಿ ನೀವು! ಕಿವಿ ಸರಿಯಾಗಿ ಕೇಳ್ತಿರಲಿಲ್ಲ ಅವರಿಗೆ, ಆದ್ರೂ ಎದುರಿನವರ ತುಟಿ ನೋಡಿ ಟೈಮಿಂಗ್ ಹಿಡೀತಿದ್ರು. ಕೀಟನ್‌ಗೂ ಮೊದಲನೇ ಮಹಾಯುದ್ಧದಾಗ ಫ್ರಾನ್ಸಿಗೆ ಹೋದಾಗ ಕಿವಿಗೆ ಸೋಂಕು ಆಗಿ ಕೇಳೂದು ಕಡಿಮಿ ಆಗಿತ್ತು.

ಬೆಳ್ಳಿಪರದೆ
ಮಾತಿಲ್ಲದ ಚಿತ್ರ ಅಂದ್ರೆ ನಮ್ಮ ‘ಪುಷ್ಪಕ ವಿಮಾನ’ನೂ ಹೇಳಬೇಕಲ್ವಾ? 1987, ಬೆಂಗಳೂರಲ್ಲೇ ಚಿತ್ರೀಕರಣ, ಸಿಂಗೀತಂ ಶ್ರೀನಿವಾಸರಾವ್.

ಮೂರನೇ_ಬೆಲ್ಲು
ಹೇಳಬೇಕು, ಆದ್ರೆ ಅದಕ್ಕೇ ಬೇರೆ ಚರ್ಚೆ ತೆಗೀರಿ. ಇಲ್ಲಿ ಕೀಟನ್ ಕಳೆದುಹೋಗ್ತಾನೆ.

ನಟ್ಟುಬೋಲ್ಟು
ನಾನು ಸಿವಿಲ್ ಕೆಲಸದವನು. ನನಗೆ ಕೀಟನ್ ಮೊದಲು ಎಂಜಿನಿಯರು, ಆಮೇಲೆ ನಟ.

‘ಸ್ಟೀಮ್‌ಬೋಟ್ ಬಿಲ್ ಜೂನಿಯರ್’ (1928) ಬಿರುಗಾಳಿಯಲ್ಲಿ ಇಡೀ ಮನೆಯ ಮುಂಗೋಡೆ ಅವನ ಮೇಲೆ ಬೀಳುತ್ತೆ. ಮೇಲ್ಮಹಡಿಯ ಕಿಟಕಿ ಬಿದ್ದ ಜಾಗದಲ್ಲಿ ಇವನು ನಿಂತಿರ್ತಾನೆ, ಅದಕ್ಕೆ ಉಳ್ಕೊಂಡ. ಗೋಡೆ ಹಗುರ ಮಾಡಿದ್ರೆ ಗಾಳಿಯ ಯಂತ್ರದ ಹೊಡೆತಕ್ಕೆ ತಿರುಚಿಕೊಳ್ಳುತ್ತೆ. ಭಾರ ಮಾಡಲೇಬೇಕು. ಕೆಳಗೆ ತಿರುಗಣಿ, ಬೀಳೋ ಕಮಾನು ಒಂದೇ, ಕಿಟಕಿ ಎಲ್ಲಿಗೆ ಬರುತ್ತೆ ಅನ್ನೋದನ್ನ ಅಳೆದು ಹಿಮ್ಮಡಿ ಇಡೋ ಜಾಗಕ್ಕೆ ಗುರುತು ಹಾಕಿದ್ರು. ಆಜುಬಾಜು ಕೆಲವೇ ಅಂಗುಲ. ಒಂದೇ ಟೇಕು. ಸೆಂಟ್ರಿಂಗ್ ಹಲಗೆ ಒಂದಡಿ ಜಾರಿದ್ರೆ ಏನಾಗುತ್ತೆ ಅಂತ ಕಣ್ಣಾರೆ ಕಂಡವನು ನಾನು, ಆ ದೃಶ್ಯ ನೋಡುವಾಗ ಪ್ರತಿ ಸಲ ಉಸಿರು ಹಿಡಿದುಕೊಳ್ತೀನಿ.

‘ಶೆರ್ಲಾಕ್ ಜೂನಿಯರ್’ (1924) ಇನ್ನೂ ಸೂಕ್ಷ್ಮ. ಪ್ರೊಜೆಕ್ಟರ್ ನಡೆಸೋ ಹುಡುಗ ನಿದ್ದೆಯಲ್ಲಿ ಪರದೆಯೊಳಗೆ ನಡೆದುಹೋಗ್ತಾನೆ. ಅವನು ನಿಂತಲ್ಲೇ ಇರ್ತಾನೆ, ಹಿನ್ನೆಲೆ ಮಾತ್ರ ಬೀದಿ, ಬೆಟ್ಟ, ಸಮುದ್ರ ಅಂತ ಬದಲಾಗ್ತಾ ಹೋಗುತ್ತೆ. ಕಂಪ್ಯೂಟರ್ ಇಲ್ಲದ ಕಾಲ. ಕ್ಯಾಮೆರಾದಿಂದ ಅವನಿರೋ ದೂರವನ್ನ ಸರ್ವೆಯವರ ಉಪಕರಣದಿಂದ ಅಳೆದು, ಮುಂದಿನ ಜಾಗದಲ್ಲಿ ಅಷ್ಟೇ ಅಳತೆಗೆ ನಿಲ್ಲಿಸಿದ್ರು. 1917ರಲ್ಲಿ ಹಾಸ್ಯನಟ ರಾಸ್ಕೋ ಆರ್ಬಕಲ್‌ನ ಸ್ಟುಡಿಯೋಗೆ ಮೊದಲ ಸಲ ಕಾಲಿಟ್ಟಾಗ ಕ್ಯಾಮೆರಾ ಬಿಚ್ಚಿ ಒಳಗೇನಿದೆ ಅಂತ ನೋಡಿದವನಲ್ವಾ!

ಕಡಲಬದಿ
ಅದೇ ಚಿತ್ರದಲ್ಲಿ ಕುತ್ತಿಗೆ ಮುರಿದದ್ದು ಅಲ್ವಾ?

ನಟ್ಟುಬೋಲ್ಟು
ಹೌದು. ರೈಲಿಗೆ ನೀರು ತುಂಬೋ ಟ್ಯಾಂಕಿನ ಕೊಳವೆ ಹಿಡಿದು ಇಳೀತಾನೆ, ನೀರಿನ ರಭಸಕ್ಕೆ ಹಳಿಗೆ ಕುತ್ತಿಗೆ ಬಡೀತು. ಸ್ವಲ್ಪ ದಿನ ತಲೆನೋವು, ಅಷ್ಟೇ ಅಂದುಕೊಂಡ. ಎಷ್ಟೋ ವರ್ಷದ ಮೇಲೆ ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ವೈದ್ಯರು ಕೇಳಿದ್ರು, ನಿಮ್ಮ ಕುತ್ತಿಗೆ ಮುರಿದದ್ದು ಯಾವಾಗ ಅಂತ. ಆ ಶಾಟ್ ಚಿತ್ರದಲ್ಲಿ ಹಾಗೇ ಇದೆ. ಬಿದ್ದವನು ಎದ್ದು ಓಡೋದು ಕಾಣುತ್ತೆ.

ಬೆಳ್ಳಿಪರದೆ
ಒಂದೇ ಒಂದು ಸಲವೂ ಡ್ಯೂಪ್ ಬಳಸಿಲ್ಲ ಪುಣ್ಯಾತ್ಮ.

ಸಹಸ್ರಬುಡ್ಡಿ
ಮತ್ತೆ ತಿದ್ದಬೇಕಾಗಿದೆ. ‘ಕಾಲೇಜ್’ (1927) ಚಿತ್ರದಲ್ಲಿ ಗಳ ಊರಿ ಮೇಲಿನ ಕಿಟಕಿಗೆ ಹಾರೋದು ಕೀಟನ್ ಅಲ್ಲ, ಒಲಿಂಪಿಕ್ಸ್ ಚಿನ್ನ ಗೆದ್ದ ಲೀ ಬಾರ್ನ್ಸ್. ಇದನ್ನ ಕೀಟನ್ ಮುಚ್ಚಿಟ್ಟಿಲ್ಲ. ‘ಎಂದೂ ನಗಲಿಲ್ಲ’ ಅನ್ನೋದೂ ಪೂರ್ತಿ ನಿಜ ಅಲ್ಲ, ಆರ್ಬಕಲ್ ಜೊತೆಗಿನ ಮೊದಲ ಚಿತ್ರಗಳಲ್ಲಿ ಹಲ್ಲು ಬಿಟ್ಟು ನಕ್ಕಿದ್ದಾನೆ.

ಬೆಳ್ಳಿಪರದೆ
ಸರಿ ಸರ್, ತಿಳ್ಕೊಂಡೆ. 🙏

ಓದುಗಬ್ಬ
ಎಲ್ಲರೂ ಹೊಗಳ್ತಿದೀರ, ನನಗೊಂದು ಮುಳ್ಳು ಚುಚ್ತಾ ಇದೆ. ‘ದಿ ಜನರಲ್’ ಚಿತ್ರದ ನಾಯಕ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಕಡೆಯವನು. ಗುಲಾಮಗಿರಿ ಉಳಿಸೋಕೆ ಹೋರಾಡಿದವರ ಪಕ್ಷ. 1862ರಲ್ಲಿ ನಿಜವಾಗಿ ನಡೆದದ್ದು ಉತ್ತರದ ಸೈನಿಕರು ರೈಲು ಕದ್ದು ಓಡಿದ ಸಾಹಸ. ಅದನ್ನ ತಿರುಗಿಸಿ ದಕ್ಷಿಣದವನನ್ನ ನಾಯಕ ಮಾಡಿದ. ‘ಕಾಲೇಜ್’ನಲ್ಲಿ ಮುಖಕ್ಕೆ ಕಪ್ಪು ಬಳಿದುಕೊಂಡು ಬರೋ ದೃಶ್ಯ ಇದೆ. ಮಗುವಿಗೆ ತೋರಿಸುವಾಗ ಇದನ್ನೂ ಹೇಳಬೇಕಲ್ವಾ?

ಹಳೇಟೆಂಟು
ನೂರು ವರ್ಷ ಹಿಂದಿನ ಚಿತ್ರವನ್ನ ಇವತ್ತಿನ ಕಣ್ಣಲ್ಲಿ ನೋಡೋದು ನ್ಯಾಯ ಅಲ್ಲ.

ಓದುಗಬ್ಬ
ಅವತ್ತೂ ಆ ದೃಶ್ಯದಿಂದ ನೋವು ಪಟ್ಟ ಜನ ಇದ್ರಲ್ಲ ಸರ್? ಅವರೂ ಅದೇ ಕಾಲದವರೇ.

ಮೂರನೇ_ಬೆಲ್ಲು
ಓದುಗಬ್ಬ ಮೇಡಂ ಹೇಳೋದು ಸರಿ ಇದೆ. ದಕ್ಷಿಣದವರನ್ನ ಖಳರಾಗಿ ತೋರಿಸಿದ್ರೆ ಪ್ರೇಕ್ಷಕರು ಒಪ್ಪಲ್ಲ ಅಂತ ಕೀಟನ್ ಕಾರಣ ಕೊಟ್ಟಿದ್ದ, ಅದು ವ್ಯಾಪಾರದ ಲೆಕ್ಕ. ‘ದಿ ಜನರಲ್’ ನನ್ನ ಅತಿ ಪ್ರೀತಿಯ ಚಿತ್ರ, ಅದರಲ್ಲಿ ಗುಲಾಮರ ಮಾತೇ ಇಲ್ಲ ಅನ್ನೋದು ನನಗೂ ಕಾಡುತ್ತೆ. ಎರಡನ್ನೂ ಒಟ್ಟಿಗೆ ಹೇಳಿಯೇ ನಾನು ತೋರಿಸ್ತೀನಿ.

ಒರೆಗಾನ್ ರಾಜ್ಯದ ಕಾಟೇಜ್ ಗ್ರೋವ್ ಹತ್ರ ಚಿತ್ರೀಕರಣ. ಉರಿಯೋ ಸೇತುವೆ ಮೇಲೆ ನಿಜವಾದ ಉಗಿಬಂಡಿ ಓಡಿಸಿ ನದಿಗೆ ಬೀಳಿಸಿದ್ರು. ಆ ಒಂದು ಶಾಟ್‌ಗೆ 42,000 ಡಾಲರ್ ಅಂತ ಹೇಳ್ತಾರೆ. ಎರಡನೇ ಮಹಾಯುದ್ಧದಲ್ಲಿ ಗುಜರಿಗೆ ಎತ್ತೋ ತನಕ ಆ ಎಂಜಿನ್ ನದಿಯಲ್ಲೇ ಬಿದ್ದಿತ್ತು. ಎರಡೂ ಕಡೆಯ ಸೈನಿಕರಾಗಿದ್ದು ಅಲ್ಲಿಯ ನ್ಯಾಷನಲ್ ಗಾರ್ಡ್ ಹುಡುಗರೇ, ಸಮವಸ್ತ್ರ ಬದಲಿಸಿ ಆ ಕಡೆಯಿಂದ ಈ ಕಡೆ ಓಡೋರು.

ಗಿರಮಿಟ್ಟು
ಆರ್ಬಕಲ್ ಹೆಸರು ಬಂತು, ಅದಕ್ಕ ಹೇಳ್ತೀನಿ. 1921ರಾಗ ನಟಿ ವರ್ಜೀನಿಯಾ ರ‍್ಯಾಪ್ ಸಾವಿನ ಆರೋಪ ಬಂತು ಅವನ ಮ್ಯಾಲೆ. ಮೂರು ಸಲ ವಿಚಾರಣೆ. 1922ರ ಏಪ್ರಿಲ್‌ನಾಗ ಜ್ಯೂರಿಯವರು ನಿರ್ದೋಷಿ ಅಂದ್ರು, ಅನ್ಯಾಯ ಆಗೇತಿ ಅಂತ ಬರೆದೂ ಕೊಟ್ರು. ಆದ್ರ ಪತ್ರಿಕಾದಾಗಿನ ತೀರ್ಪು ಮೊದಲಽ ಆಗಿ ಹೋಗಿತ್ತು. ಕೀಟನ್ ಮಾತ್ರ ಕಡೀತನಕ ಗೆಳೆಯನ ಕೈ ಬಿಡಲಿಲ್ಲ. ನನಗ ಅವನ ಮ್ಯಾಲೆ ಗೌರವ ಹೆಚ್ಚಾಗಿದ್ದು ಇದಕ್ಕ.

ರೀಲುಡಬ್ಬಿ
ಇಷ್ಟೆಲ್ಲ ಬರೀತೀರಿ ಅಂದ್ಕೊಂಡಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ಮಗಳಿಗೆ ಷಡ್ಡಕನ ಕಥೆ ಹೇಳಿದೆ. “ಅವರ ಮನೆಯವರೇ ಮೋಸ ಮಾಡಿದ್ರಾ?” ಅಂತ ಸಿಟ್ಟು ಬಂತು ಅವಳಿಗೆ. ಕೊನೆಗೆ ಏನಾಯ್ತು ಅಂತ ಕೇಳ್ತಿದಾಳೆ. ಒಳ್ಳೇದೇನಾದ್ರೂ ಇದೆಯಾ ಹೇಳೋಕೆ?

ಸಹಸ್ರಬುಡ್ಡಿ
ಮೋಸ ಅಂತ ಹೇಳಬೇಡಿ ಮಗುವಿಗೆ. ಶೆಂಕ್ ಒಂದು ಹೊತ್ತಲ್ಲಿ ಇವನಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟವನೂ ಹೌದು. ಆ ಸ್ವಾತಂತ್ರ್ಯ ಕಾಗದದ ಮೇಲೆ ಇರಲಿಲ್ಲ, ಅಷ್ಟೇ.

ಊರುಗೋಲು
ಇದೆಯಪ್ಪ, ಒಳ್ಳೇದಿದೆ. ನಿಧಾನಕ್ಕೆ ಹೇಳಿ ಮಗುವಿಗೆ.

ವಾರಕ್ಕೆ 3,000 ಡಾಲರ್ ತಗೋತಿದ್ದ ಅದೇ ಎಂಜಿಎಂಗೆ ಕೀಟನ್ ವಾರಕ್ಕೆ 100 ಡಾಲರಿಗೆ ತಮಾಷೆ ಹೊಸೆಯೋ ಕೆಲಸಕ್ಕೆ ವಾಪಸ್ ಹೋದ. ಬೇರೆಯವರು ಪರದೆ ಮೇಲೆ ನಗಿಸೋರು, ಉಪಾಯ ಇವನದು. 1940ರಲ್ಲಿ ಎಲಿನಾರ್ ನಾರಿಸ್ ಅನ್ನೋ ನೃತ್ಯಗಾತಿಯನ್ನ ಮದುವೆಯಾದ. ಅವಳಿಗೆ 21, ಇವನಿಗೆ 44. ನಡೆಯಲ್ಲ ಅಂದ್ರು ಎಲ್ಲ. ಕೊನೇ ಉಸಿರಿನ ತನಕ ನಡೀತು. ಪ್ಯಾರಿಸ್ಸಿನ ಮೆದ್ರಾನೋ ಸರ್ಕಸ್ಸಿನಲ್ಲಿ ಇಬ್ಬರೂ ಸೇರಿ ಆಟ ಆಡಿದ್ರು.

1949ರಲ್ಲಿ ವಿಮರ್ಶಕ ಜೇಮ್ಸ್ ಏಜಿ ‘ಲೈಫ್’ ಪತ್ರಿಕೆಯಲ್ಲಿ ಮೂಕಿ ಹಾಸ್ಯದ ಬಗ್ಗೆ ಬರೆದ ಲೇಖನದಿಂದ ಜನಕ್ಕೆ ಮತ್ತೆ ನೆನಪಾಯ್ತು. 1952ರಲ್ಲಿ ಚಾಪ್ಲಿನ್‌ನ ‘ಲೈಮ್‌ಲೈಟ್’ನಲ್ಲಿ ಇಬ್ಬರೂ ಒಂದೇ ರಂಗದ ಮೇಲೆ. ಕೀಟನ್ ಹಿಂದೆ ವಾಸವಿದ್ದ ಬಂಗಲೆಯನ್ನ ನಟ ಜೇಮ್ಸ್ ಮೇಸನ್ ಕೊಂಡಿದ್ದ, ಅಲ್ಲಿ ಹಳೇ ರೀಲುಗಳು ಸಿಕ್ಕವು. 1960ರಲ್ಲಿ ಗೌರವ ಆಸ್ಕರ್. 1965ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು, ನಿಲ್ಲಿಸಲೇ ಇಲ್ಲ. 1966ರ ಫೆಬ್ರವರಿ 1ರಂದು ಹೋದ, ಎಪ್ಪತ್ತು ವರ್ಷ. ಶ್ವಾಸಕೋಶದ ಕ್ಯಾನ್ಸರ್. ಬದುಕಿದ್ದಾಗಲೇ ಆ ಚಪ್ಪಾಳೆ ಕೇಳಿಸಿಕೊಂಡ ಅನ್ನೋದೇ ನನಗೆ ಸಮಾಧಾನ.

ಕಡಲಬದಿ
ಓದಿ ಕಣ್ಣು ತುಂಬಿತು ಮಾರಾಯ್ರೆ. ಇವತ್ತೇ ‘ಶೆರ್ಲಾಕ್ ಜೂನಿಯರ್’ ನೋಡ್ತೇನೆ. ನೆಟ್‌ನಲ್ಲಿ ಇರುವುದರಲ್ಲಿ ಎಲ್ಲರೂ ಓಡಿದ ಹಾಗೆ ಕಾಣ್ತದಲ್ಲ, ಅದು ಯಾಕೆ?

ನಟ್ಟುಬೋಲ್ಟು
ಆಗ ಕೈಯಿಂದ ತಿರುಗಿಸೋ ಕ್ಯಾಮೆರಾ, ಸೆಕೆಂಡಿಗೆ 16, 18, 20 ಫ್ರೇಮು ಹೀಗೆ ಬದಲಾಗ್ತಿತ್ತು. ಟಾಕಿ ಬಂದಮೇಲೆ 24ಕ್ಕೆ ನಿಂತಿತು. ಹಳೇದನ್ನ 24ರಲ್ಲಿ ಓಡಿಸಿದ್ರೆ ದಡಬಡ ಅನ್ಸುತ್ತೆ. ವೇಗ ಸರಿಪಡಿಸಿದ ಪ್ರತಿ ಹುಡುಕಿ. ಕೆಲವು ಕಡೆ ತಮಾಷೆಗೆ ಅಂತ ಬೇಕೂಂತಲೇ ನಿಧಾನ ತಿರುಗಿಸಿದ್ದೂ ಉಂಟು, ಅದು ಹಾಗೇ ಇರಬೇಕು.

ಓದುಗಬ್ಬ
ಬರಹದ ಫಲಕಗಳೂ ಕಮ್ಮಿ ಇರ್ತವೆ ಇವನ ಚಿತ್ರದಲ್ಲಿ. ಬೇರೆಯವರ ಚಿತ್ರಕ್ಕೆ ಸರಾಸರಿ 240 ಫಲಕ, ತಾನು ಬಳಸಿದ್ದರಲ್ಲಿ ಅತಿ ಹೆಚ್ಚು ಅಂದ್ರೆ 56 ಅಂತ ಸಂದರ್ಶನದಲ್ಲಿ ಹೇಳಿದ್ದ. ಮಗುವಿಗೆ ಓದಿ ಹೇಳೋ ಕೆಲಸ ಕಮ್ಮಿ.

ರೀಲುಡಬ್ಬಿ
ಇವತ್ತು ರಾತ್ರಿ ‘ಸ್ಟೀಮ್‌ಬೋಟ್ ಬಿಲ್’ ಆಯ್ತು. ಗೋಡೆ ಬೀಳೋದನ್ನ ಒಂಬತ್ತು ಸಲ ಹಿಂದಕ್ಕೆ ಓಡಿಸಿ ನೋಡಿದ್ವಿ. ಈಗ ಅಡಿಪಟ್ಟಿ ಹಿಡಿದು ನಮ್ಮನೆ ಕಿಟಕಿ ಅಳೀತಾ ಇದಾಳೆ, ಎದುರಿಗೇ ನಿಂತು ಕಾಯ್ತಿದೀನಿ. ಅವಳಿಗೆ ಆ ಚಪ್ಪಟೆ ಟೋಪಿ ಬೇಕಂತೆ. ಎಲ್ಲಿ ಸಿಗುತ್ತೆ?

ಊರುಗೋಲು
ಅಂಗಡಿಯಲ್ಲಿ ಹುಡುಕಬೇಡಿ. ಕೀಟನ್ನೂ ಕೊಂಡದ್ದಲ್ಲ ಅದನ್ನ. ಒಳ್ಳೆ ಫೆಲ್ಟ್ ಹ್ಯಾಟಿನ ತಲೆ ಕತ್ತರಿಸಿ ಚಪ್ಪಟೆ ಮಾಡಿ, ಅಂಚಿಗೆ ಸಕ್ಕರೆ ನೀರು ಹಚ್ಚಿ ಒಣಗಿಸೋನು, ಗಟ್ಟಿ ನಿಲ್ಲಲಿ ಅಂತ. ಒಂದು ಹಾಳಾದ್ರೆ ಇನ್ನೊಂದು.

ತಿಪಟೂರು_ಕೊಬ್ಬರಿ
ಸಕ್ಕರೆ ನೀರು ಹಚ್ಚಿದ್ರೆ ನಮ್ಮ ಕಡೆ ಬೆಳಗಾಗೋದ್ರಲ್ಲಿ ಇರುವೆ ಸಾಲು. ಅನ್ನದ ಗಂಜಿ ಹಾಕಿ, ಬಿಸಿಲಲ್ಲಿ ಎರಡು ದಿನ ಇಡಿ.

ರೀಲುಡಬ್ಬಿ
ಅಜ್ಜನ ಹಳೇ ಟೋಪಿ ಅಟ್ಟದ ಮೇಲಿದೆ. ಭಾನುವಾರ ಗಂಜಿ ಹಾಕ್ತೀವಿ, ಆದ್ಮೇಲೆ ಫೋಟೋ ಹಾಕ್ತೀನಿ.